ನಲವತ್ತೊಂದನೇ ದಾಖಲೆ

ಮಂಡಿಪೇಟೆಯ ಸೈಕಲ್ ಶಾಪಿನ ಮೇಲೆ
ಎರಡನೇ ಭಾನುವಾರ ಸೇರುತ್ತೇವೆ, ಏಳೆಂಟು ಜನ,
ವಂಶಾವಳಿ ಬಳಗ ಅಂತ ಹೆಸರು.
ಬೀಗದ ಕೈ ಕೊಟ್ರಬಸಪ್ಪನವರ ಬಳಿ,
ಚಹಾದ ಲೆಕ್ಕ ನನ್ನ ಬಳಿ.

ಈ ತಿಂಗಳ ಸುದ್ದಿ:
ಹತ್ತಿ ಗಿರಣಿಯ ಹಾಜರಿ ಪುಸ್ತಕ ಸಿಕ್ಕಿತು,
ಗೆದ್ದಲು ತಿಂದು ಬಿಟ್ಟಷ್ಟು.
ಮುತ್ತಜ್ಜನ ಹೆಸರಿನ ಮುಂದೆ
ಗೈರು, ಗೈರು, ಗೈರು ಎಂದು ಓದಿ
ಶಾಹಿದಾ ನಕ್ಕಳು:
‘ಅನುಮಾನವೇ ಇಲ್ಲ, ನಮ್ಮವನೇ.’

ಹೆಳವರ ಸಣ್ಣಲಿಂಗಪ್ಪ ಬಂದಿದ್ದರು,
ಎತ್ತು ಬಿಟ್ಟು ಈಗ ಟಿವಿಎಸ್ ಮೇಲೆ.
ಕಣ್ಣು ಮುಚ್ಚಿ ಹದಿನಾಲ್ಕು ತಲೆ ಇಳಿದರು ಸರಸರ
ಮೆಟ್ಟಿಲ ಬಾವಿಗಿಳಿದಂತೆ.
ಎಲ್ಲ ಅಪ್ಪಂದಿರೇ.
ಅವ್ವಂದಿರು? ಎಂದೆ.
‘ಅವರು ಬೇರೆ ಊರಿನವರಲ್ಲೇನ್ರೀ’
ಎನ್ನುತ್ತ ಚಹಾ ಊದಿದರು.

ಆಗ ಎದ್ದದ್ದು ದುರುಗಮ್ಮ,
ಗಿರಣಿ ಲೈನಿನ ಸೂಲಗಿತ್ತಿಯ ಮೊಮ್ಮಗಳು.
ಎಲೆಯಡಿಕೆ ಸಂಚಿಯಿಂದ ಒಂದು ನೂಲಿನ ಉಂಡೆ,
ಮೈತುಂಬ ಗಂಟು.
ಹೆರಿಗೆಗೊಂದು. ಹೆಣ್ಣಾದರೆ ಜೋಡಿ.
ಕೂಸು ಉಳಿಯದಿದ್ದರೆ
ಪಕ್ಕದಲ್ಲಿ ಗೇಣುದ್ದ ಬರಿದಾರ.

ಬಿಚ್ಚುತ್ತ ಹೋದೆವು, ಕಿಟಕಿಯಿಂದ ಬಾಗಿಲಿಗೆ,
ಬಾಗಿಲಿಂದ ಮೆಟ್ಟಿಲಿಗೆ;
ಕೆಳಗೆ ಪಂಕ್ಚರ್ ಹಾಕುತ್ತಿದ್ದ ಹುಡುಗ
ಗ್ರೀಸು ಕೈ ಒರೆಸಿ ತುದಿ ಹಿಡಿದ.
ಯಾವ ಗಂಟು ಯಾರೆಂದು ಬಲ್ಲವರಿಲ್ಲ.

ಸಣ್ಣಲಿಂಗಪ್ಪ ಬೆರಳು ಜಾರಿಸುತ್ತ ಬಂದು
ಎಲ್ಲೋ ಒಂದು ಕಡೆ ನಿಂತರು.
‘ನಮ್ಮ ಗಾಡಿ ಆವತ್ತು ಗಿರಣಿ ಬಯಲಾಗೆ ಬಿಟ್ಟಿತ್ತಂತೆ’ ಅಂದರು.
ಆಮೇಲೆ, ಯಾರೂ ಕೇಳದೆ,
ಅವ್ವನ ಹೆಸರು ಹೇಳಿದರು.
ಅವಳ ಅವ್ವನದು ಗೊತ್ತಿರಲಿಲ್ಲ.

ದಾಖಲೆ ನಲವತ್ತೊಂದು: ನೂಲು.
ಉದ್ದ ಅಳೆದಿಲ್ಲ.
ಚಹಾ ಹನ್ನೊಂದು,
ಪಂಕ್ಚರ್ ಹುಡುಗನದೂ ಸೇರಿ.