ಅಂಗಳಕ್ಕೆ ಬಂದ ತಂಗಡಿ

ಅಥಣಿಯಿಂದ ತೆಲಸಂಗದ ದಾರಿ, ಗರಸಿನ ದಿಬ್ಬ.
ಎರಡು ಸಲ ಕಿತ್ತು ತಂದೆ,
ಹಸಿ ಗೋಣಿಚೀಲದಲ್ಲಿ ಸುತ್ತಿ, ಸ್ಕೂಟಿಯ ಮುಂದೆ ನಿಲ್ಲಿಸಿ.
ಎರಡು ಸಲವೂ ಮೂರನೆಯ ದಿನಕ್ಕೆ
ಎಲೆ ಮಡಚಿಕೊಂಡಿತು, ಮತ್ತೆ ಬಿಚ್ಚಲಿಲ್ಲ.

ನಾನೋ, ದಿನಕ್ಕೆರಡು ಕೊಡ ನೀರು ಹೊಯ್ದೆ.
ಅವ್ವ ಕಟ್ಟೆಯ ಮೇಲೆ ಕೂತು ನೋಡಿ ನೋಡಿ ಅಂದಳು:
"ಅದರ ತಾಯಿಬೇರು ಆಳುದ್ದ ಇರತೈತಿ.
ನೀ ತಂದದ್ದು ಬರೇ ಟೊಂಗಿ.
ಬೀಜ ತಾ. ಇಲ್ಲೇ ಹುಟ್ಟಲಿ, ಇಲ್ಲೇ ಇಳೀಲಿ."

ಕಾಯಿ ಒಣಗಿ ಗಿಲಿಗಿಲಿ ಅನ್ನುವ ದಿನಗಳಲ್ಲಿ
ಮುಷ್ಟಿ ತುಂಬ ತಂದೆ.
ಹಲ್ಲಿಗೂ ಬಗ್ಗದ ಸಿಪ್ಪೆ, ನೀರನ್ನೂ ಒಳಗೆ ಬಿಡದು.
ತಿಕ್ಕಬೇಕು ಎಂದವಳೇ
ಒಳಗಿನಿಂದ ಅಜ್ಜನ ಕಲ್ಲು ಉರುಳಿಸಿ ತಂದಳು.
ಭರಮಪ್ಪಜ್ಜ ರಂಪಿ ಮಸೆದ, ತೊಗಲು ಬಡಿದ ಕಲ್ಲು,
ನಡುವೆ ಬೋಗುಣಿಯಂತೆ ಸವೆದದ್ದು.
ಅದರ ಮೇಲೆ ಒಂದೊಂದೇ ಬೀಜದ ಬೆನ್ನು ತಿಕ್ಕಿದೆ,
ಒಳಗಿನ ಬಿಳಿ ಕಾಣುವ ತನಕ.

ಆಗ ಹೇಳಿದಳು, ಇಷ್ಟು ವರ್ಷ ಹೇಳದ್ದು:
ಅಜ್ಜ ಈ ಗಿಡದ ತೊಗಟೆ ಸುಲಿದು ತರುತ್ತಿದ್ದ,
ಬಾನಿಯಲ್ಲಿ ನೆನೆಹಾಕಿ ತೊಗಲು ಹದ ಮಾಡುತ್ತಿದ್ದ.
ಮತ್ತೆ ಹೂವು?
"ಹೂವ ಯಾರ ನೋಡಿದ್ರು. ನಮಗ ಅದು ವಾಸನಿ."
ಶಾಲೆಯಲ್ಲಿ ಅವಳ ಪಕ್ಕ ಯಾರೂ ಕೂಡದ ವಾಸನೆ.

ಬಿತ್ತಿದ ಏಳರಲ್ಲಿ ಮೂರು ಎದ್ದವು.
ನೀರು ಹಾಕದಿರುವುದನ್ನು ಕಲಿಯಲು
ನನಗೇ ಒಂದು ವರ್ಷ ಹಿಡಿಯಿತು.
ಆಡು ಬಂತು, ಮೂಸಿತು, ಬಾಯಿ ಹಾಕದೆ ಹೋಯಿತು.
ಎದುರು ಮನೆಯ ಗುಲಾಬಿಗೆ ಟ್ಯಾಂಕರ್ ಬಂತು.
ಇವು ಬಿಸಿಲು ಉಂಡು, ಕೆಳಗೆ ಎಲ್ಲೋ
ನನಗೆ ಕಾಣದ ಕಡೆ ಇಳಿಯುತ್ತಿದ್ದವು.

ಈ ಸಲ ನವರಾತ್ರಿಯ ಹೊತ್ತಿಗೆ ಹೂ.
ಹಳದಿ ಅನ್ನಲೆ? ಇದರ ಮುಂದೆ ಅರಿಸಿನ ಮಂಕು.
ಕರಿ ದುಂಬಿಯೊಂದು ಕೇಸರಕ್ಕೆ ಜೋತು
ಗುಂಯ್ ಎಂದು ಅಲುಗಿಸಿ
ಪುಡಿ ಮೆತ್ತಿಕೊಂಡು ಹಾರಿತು.

ಎದುರು ಮನೆಯ ಸುಮಿತ್ರಾಬಾಯಿ ಗೇಟಿನಾಚೆ ನಿಂತು,
"ಮನ್ಯಾಗ ಘಟ ಹಾಕೇವಿ, ನಾಕು ಹೂ ಕೊಡ್ರಿ" ಎಂದರು.
ಗಿಡದ ಹೆಸರು ಕೇಳಲಿಲ್ಲ.
ನಾವೂ ಹೇಳಲಿಲ್ಲ.

ಅವ್ವ ಎದ್ದು ಸೆರಗಿನ ತುಂಬ ಬಿಡಿಸಿ ಕೊಟ್ಟಳು.
ತಿರುಗಿ ಬರುವಾಗ ಕಾಂಡವನ್ನು
ಹೆಬ್ಬೆರಳಿನಿಂದ ಒಮ್ಮೆ ಒತ್ತಿದಳು,
ತೊಗಟೆ ಎಷ್ಟು ದಪ್ಪ ಬಂದಿದೆ ಎಂದು ಅಳೆಯುವ
ಅವಳಪ್ಪನ ಒತ್ತು.

ಆಮೇಲೆ ನಾನು ನೋಡುತ್ತಿಲ್ಲವೆಂದುಕೊಂಡು
ಆ ಬೆರಳನ್ನು ಮೂಸಿ ನೋಡಿಕೊಂಡಳು.