ಎಂಟನೆಯ ತಂಡ

ಏಳು ಹೆಸರಿಗೆ ಯಾರ ತಕರಾರೂ ಇಲ್ಲ.
ಎಂಟನೆಯದಕ್ಕೆ ಮೂರನೇ ಚಹಾ ಬಂತು.

ಅಂಕೋಲೆಯವರು ಗೆದ್ದದ್ದು ಒಂಬತ್ತು,
ಹೊನ್ನಾವರದವರು ಆರು.
ಇಷ್ಟಕ್ಕೆ ಇಷ್ಟು ಹೊತ್ತು ಯಾಕೆ ಎಂದೆ.
ಸುಹಾಸಿನಿ ತಾಂಡೇಲ ಲ್ಯಾಪ್‌ಟಾಪ್ ತಿರುಗಿಸಿದಳು:
ಯಾರನ್ನು ಗೆದ್ದರು, ಯಾರ ಅಂಗಳದಲ್ಲಿ,
ಸೋತರೆ ಎಷ್ಟರಿಂದ,
ಎಲ್ಲ ಕುದಿಸಿ ಇಳಿಸಿದ ಮೇಲೆ
ಹೊನ್ನಾವರ ಎಂಟು, ಅಂಕೋಲೆ ಹನ್ನೊಂದು.

ಗಾಳಿ ಎಲ್ಲಿದೆ ಇದರಲ್ಲಿ? ಎಂದೆ.
ಕಾರವಾರದ ಈ ಬಯಲು ಕೋರ್ಟಿನಲ್ಲಿ
ಮೂರು ಗಂಟೆ ದಾಟಿದರೆ ಕಡಲು
ಫ್ರೀ ಥ್ರೋವನ್ನು ಒಂದು ಗೇಣು ಆಚೆ ದೂಡುತ್ತದೆ,
ಚೆಂಡು ರಿಂಗಿನ ತುಕ್ಕು ಮುಟ್ಟಿ ವಾಪಸ್.
ನಮ್ಮ ಹುಡುಗಿಯರು ಅವತ್ತು...

"ನಮ್ಮ ಅಂದ್ರೆ ಸರ್?"

ಇಪ್ಪತ್ತೆರಡು ವರ್ಷ ಅಂಕೋಲೆಯಲ್ಲಿ ಸೀಟಿ ಊದಿದವನು ನಾನು.
ಚಹಾದ ಕೆನೆ ಬೆರಳಲ್ಲಿ ತೆಗೆದೆ.

ಆಯಿ ಬೈತಖೋಲದಲ್ಲಿ ಮೀನು ಮಾರುತ್ತಿದ್ದಳು.
ಕಿವಿರೆತ್ತಿ ಕೆಂಪು ನೋಡದೆ ಇಸವಣ ಕೊಂಡವಳಲ್ಲ,
ತಕ್ಕಡಿಗೆ ಅದೆಲ್ಲ ತಿಳಿಯುವುದಿಲ್ಲ ಅನ್ನುವಳು.
ಆದರೆ ಸ್ವಂತ ತಂಗಿ ಕೊಳ್ಳಲು ಬಂದ ದಿನ
ಎರಡು ಸಲ ತೂಗುವಳು:
"ಕೈ ಅತ್ತ ವಾಲ್ತದೆ, ನಂಗೇ ಗೊತ್ತಾಗುದಿಲ್ಲ."

ಹೊನ್ನಾವರ ಎಂದು ಬರೆದು ಸಹಿ ಹಾಕಿದೆ.
ಮುಂದಿನ ವರ್ಷ ಗಾಳಿಗೂ ಒಂದು ಕಾಲಂ ಇರಲಿ.
"ಹಾಕ್ತೇನೆ ಸರ್. ಆದ್ರೆ ಅದು
ಹೊನ್ನಾವರದವರಿಗೂ ಬೀಸಿತ್ತಲ್ಲ."

ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು.
ಕೃತಿಕಾ ನಾಯಕ, ಅಂಕೋಲೆಯ ಕ್ಯಾಪ್ಟನ್,
ಮಂಡಿಗೆ ಪಟ್ಟಿ ಕಟ್ಟಿಕೊಂಡೇ ಆಡಿದವಳು.
ಪಟ್ಟಿಯ ಮಾತೂ ಆ ಹಾಳೆಯಲ್ಲಿರಲಿಲ್ಲ.
ಐದು ಸಲ ಬಿಟ್ಟೆ.
ಆರನೆಯದಕ್ಕೆ ಎತ್ತಿ,
ಹೇಳು ಮಗಾ, ಎಂದೆ.