ಹಸಿರು ತಂತಿ

ಮೂವತ್ತೊಂದು ವರ್ಷ
ಮಂಡ್ಯದ ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ
ಕಬ್ಬಿನ ಸಿಪ್ಪೆ ನುಂಗಿ ಗುಡುಗುವ ಒಲೆಯ ಮುಂದೆ ನಿಂತವನು ನಾನು.
ಮುಳ್ಳು ಕೆಂಪು ಗೆರೆ ಮುಟ್ಟುವ ಮೊದಲೇ
ಅಂಗಾಲಿಗೆ ತಿಳಿಯುತ್ತಿತ್ತು ನೆಲದ ನಡುಕ.
ಅಂಥವನು ಈ ಬೆಳಗ್ಗೆ ಬಚ್ಚಲಲ್ಲಿ
ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಲುಂಗಿ ಎತ್ತಿ ಕಟ್ಟಿ,
ಹದಿನೈದು ಲೀಟರಿನ ಬಿಳಿ ಡಬ್ಬಿಯ ಹೊಟ್ಟೆಗೆ
ಕಿವಿ ಕೊಟ್ಟಿದ್ದೇನೆ.
ಅದರದ್ದು ಸದ್ದೇ ಇಲ್ಲ.

ಒಳಕೋಣೆಯಲ್ಲಿ ಮಗಳು, ಹನ್ನೆರಡು ದಿನದ ಬಾಣಂತಿ.
ನೀರೆರೆಯುವ ಕೆಂಪಾಜಮ್ಮ ಜಗಲಿಯಲ್ಲಿ ಎಲೆ ಮಡಿಸುತ್ತ
"ಕಾಯ್ತಾ ನೀರು, ಯಜಮಾನ್ರೇ?" ಎಂದು ಎರಡು ಸಲ ಕೇಳಿದಳು.
"ನಯಾಜ್‌ಗೆ ಫೋನ್ ಮಾಡಿ", ನನ್ನವಳು ಅಡುಗೆಮನೆಯಿಂದ.
ಇಷ್ಟಕ್ಕೆಲ್ಲ ನಯಾಜಾ?
ಎಂಟಾಳೆತ್ತರದ ಬೆಂಕಿ ಪಳಗಿಸಿದವನು
ಐನೂರು ರೂಪಾಯಿ ಕೊಟ್ಟು ಹುಡುಗನನ್ನು ಕರೆಸಲೆ?

ಸ್ವಿಚ್ ನೋಡಿದೆ. ಇದೆ.
ಕೆಂಪು ದೀಪ ಇಲ್ಲ.
ಬಾಗಿಲ ಹಿಂದಿನ ಪೆಟ್ಟಿಗೆಯಲ್ಲಿ ಒಂದು ಕಡ್ಡಿ ಕೆಳಗೆ ಬಿದ್ದಿತ್ತು,
ಎತ್ತಿದೆ, ದೀಪ ಬಂತು,
ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಟಪ್.
ಮತ್ತೆ ಎತ್ತಿದೆ. ಮತ್ತೆ ಟಪ್.
ಬೇಡ ಬೇಡ ಎನ್ನುವವನ ತಲೆಯನ್ನು
ಎಷ್ಟು ಸಲ ಅಂತ ಎತ್ತುವುದು.

ಡಬ್ಬಿಯ ಅಡಿಯಲ್ಲಿ, ವಾಲ್ವಿನ ಬಾಯಿಗೆ, ಚಿಂದಿ ಬಟ್ಟೆ!
"ಯಾರು ತುರುಕಿದ್ದು?"
"ತೊಟ್ಟಿಕ್ಕುತ್ತಿತ್ತಲ್ಲ, ನೆಲ ಪಾಚಿ ಕಟ್ಟುತ್ತೆ ಅಂತ..."
ಕೂಗಾಡಿದೆ. ಮಗು ಎದ್ದು ಅಳತೊಡಗಿತು.
ಉಸಿರು ಬಿಡುವ ಬಾಯಿ ಕಣೇ ಅದು,
ಕಟ್ಟಿದರೆ ಡಬ್ಬಿ ಬಾಂಬಾಗುತ್ತೆ!
ಗೊತ್ತಿರುವ ಒಂದೇ ಸಂಗತಿಯನ್ನು ಗಟ್ಟಿಯಾಗಿ ಹೇಳುವ ಸುಖ,
ಅದೂ ಸೋಲುತ್ತಿರುವ ಹೊತ್ತಿನಲ್ಲಿ.

ಸ್ಕ್ರೂಡ್ರೈವರ್ ತಂದೆ.
ಮುಚ್ಚಳದ ಮೊದಲ ತಿರುಪು ಸಡಿಲಿಸುವಾಗ
ಕೆಂಪಾಜಮ್ಮ ಬಾಗಿಲಿಗೆ ಬಂದು ನಿಂತಳು.
"ಅದನ್ನ ಮುಟ್‌ಬೇಡಿ ಯಜಮಾನ್ರೇ.
ನಾಕು ದಿನದಿಂದ ನಲ್ಲಿ ಹಿಡಿದ್ರೆ
ಜುಮ್ ಅಂತದೆ ಕೈ."

ನಾಲ್ಕು ದಿನ!
"ಹೇಳಬಾರದಾ?"
"ವಯಸ್ಸಾಯ್ತಲ್ಲ, ನರ ಸೋತವೆ ಅಂದ್ಕಂಡೆ.
ಅರ್ಧ ಊರಿನ ಬಾಣಂತೇರಿಗೆ ನೀರು ಹುಯ್ದ ಕೈ,
ಜುಮ್ ಅನ್ದೆ ಇನ್ನೇನು ಅಂತದೆ?"

ಇಳಿದೆ. ಮೈನ್ ಆರಿಸಿದೆ.
ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನೇ ಹೇಳುತ್ತಿದ್ದೆ:
ಸದ್ದು ಬೇರೆಯಾದರೆ ನೀನೇ ನೋಡು.
ಮೈಗೆ ತಗುಲಿದರೆ ಕೈ ತೆಗಿ, ಫೋರ್‌ಮನ್ನನ್ನು ಕರಿ.
ಇಲ್ಲಿ ಫೋರ್‌ಮನ್ ಯಾರೆಂದು ಸ್ವಲ್ಪ ಹೊತ್ತು ಯೋಚಿಸಿ
ಫೋನ್ ಮಾಡಿದೆ.

ಗುತ್ತಲು ರಸ್ತೆಯಿಂದ ನಯಾಜ್ ಬರುವಷ್ಟರಲ್ಲಿ
ಹಿತ್ತಲಲ್ಲಿ ಮೂರು ಇಟ್ಟಿಗೆ, ಹಳೇ ಹಂಡೆ, ತೆಂಗಿನ ಮಟ್ಟೆ.
ಕಣ್ಣು ಕೆಂಪಾಗುವವರೆಗೆ ನಾನೇ ಊದಿದೆ.
ಬೆಂಕಿಯಾದರೂ ನನ್ನ ಮಾತು ಕೇಳಿತು.
ಬಾಣಂತಿಯ ಮೈಮೇಲೆ ನೀರು ಬಿದ್ದಾಗ ಒಂಬತ್ತೂವರೆ.

ನಯಾಜ್ ಒಳಗಿನ ಸುರುಳಿ ಹೊರತೆಗೆದ.
ಬೋರ್ ನೀರಿನ ಸುಣ್ಣ ಗಂಟುಗಂಟಾಗಿ ಕಟ್ಟಿ
ಹುತ್ತದ ಹಾಗೆ, ನಡುವೆ ಒಂದು ಸೀಳು.
ಅದಕ್ಕೆ ಏನೂ ಅನ್ನಲಿಲ್ಲ. ಪ್ಲಗ್ ಬಿಚ್ಚಿದ.
ಹಸಿರು ತಂತಿಯನ್ನು ಕತ್ತರಿಸಿ, ಹಿಂದಕ್ಕೆ ಮಡಿಸಿ,
ಕಪ್ಪು ಟೇಪು ಸುತ್ತಿತ್ತು.
"ಇದ್ಯಾರು ಸಾರ್ ಮಾಡಿದ್ದು?
ಅರ್ಥ್ ಇಲ್ದೆ ಇಷ್ಟು ದಿನ..."

ಆಯುಧಪೂಜೆಗೆ ಮುಂಚೆ. ಇದೇ ಸ್ಟೂಲು.
ತಂತಿ ಮೂರು ಬೆರಳು ಗಿಡ್ಡ ಬಂದಿತ್ತು,
ಅಂಗಡಿಗೆ ಹೋಗಲು ಸೋಮಾರಿತನ.
ಎಷ್ಟು ನೀಟಾಗಿ ಸುತ್ತಿದ್ದೇನೆ ನೋಡು ಅಂತ
ನನ್ನವಳಿಗೆ ತೋರಿಸಿದ್ದೆ ಕೂಡ.

"ನಾನೇ" ಅಂದೆ.
ಚಿಂದಿ ತುರುಕಿದವಳು ಬಾಗಿಲಲ್ಲೇ ಇದ್ದಳು.
ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿಯಾಯಿತು.

ಮರುದಿನ ಹೊಸ ಸುರುಳಿ, ಹೊಸ ತಂತಿ.
ಕೆಂಪಾಜಮ್ಮ ನಲ್ಲಿಗೆ ಮೊದಲು ಬೆರಳ ಹಿಂಬದಿ ತಾಗಿಸಿದಳು,
ಆಮೇಲೆ ಇಡೀ ಅಂಗೈ.
"ಈಗ?"
ಕೈ ಕೊಡವಿ, ಬೆರಳು ಮಡಿಸಿ, ಬಿಡಿಸಿ ನೋಡಿಕೊಂಡಳು.
"ನಲ್ಲೀದು ಹೋಯ್ತು ಯಜಮಾನ್ರೇ.
ಇನ್ನೂ ಒಸಿ ಅಂತದೆ.
ಇದು ನಂದೇ ಇರ್ಬೇಕು."